ಎರಡನೇ ಪೆಟ್ಟಿನ ಚಪ್ಪಾಳೆ

ಹೈರಿಡ್ಜ್, ನೈರೋಬಿ
ಭಾನುವಾರ, 9 ಮಾರ್ಚ್ 2025

ಶರ್ವಾಣಿಯ ಅಪ್ಪನಿಗೆ ಕಮಲಾಕ್ಷಿಯ ನಮಸ್ಕಾರಗಳು.

ನಾವಿಬ್ಬರೂ ಆರೋಗ್ಯ. ನಿಮ್ಮ ಮಂಡಿನೋವು ಹೇಗಿದೆ? ಮಗಳನ್ನು ಆ ಗದ್ದಲದಿಂದ ಬಿಡಿಸಿ ಮೈಸೂರಿಗೆ ಕರೆದುಕೊಂಡು ಬಾ, ಕಛೇರಿಗೆ ನಾನು ತಯಾರು ಮಾಡುತ್ತೇನೆ, ಮೃದಂಗಕ್ಕೂ ನಾನೇ ಕೂರುತ್ತೇನೆ ಅಂತ ಬರೆದಿದ್ದಿರಿ. ಬಿಡಿಸುವುದಕ್ಕೆಂದೇ ನಿನ್ನೆ ಇಲ್ಲೇ ಹತ್ತಿರದ ಲೊರೆಶೋ ಬಡಾವಣೆಗೆ ಹೋದೆ. ಅಲ್ಲಿ ಅವಳ ಜಾಜ್ ತಂಡದ ಕಾರ್ಯಕ್ರಮವಿತ್ತು. ಮುಖ ಗಂಟು ಹಾಕಿಕೊಂಡೇ ಮೊದಲ ಸಾಲಿನಲ್ಲಿ ಕೂತೆ.

ಮುಂದಿನದನ್ನು ಓದಿದರೆ ನಗುತ್ತೀರಿ. ವಾದ್ಯ ಶುರುವಾದದ್ದೇ ನನ್ನ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ನಾಲ್ಕರ ಎಣಿಕೆ, ಒಂದಕ್ಕೆ ಪೆಟ್ಟು. ಸುತ್ತಲಿನವರೆಲ್ಲ ಎರಡಕ್ಕೆ, ನಾಲ್ಕಕ್ಕೆ ಚಪ್ಪಾಳೆ ಹೊಡೆಯುತ್ತಿದ್ದಾರೆ. ಇಡೀ ಸಭೆಗೇ ತಾಳಜ್ಞಾನವಿಲ್ಲವಲ್ಲ ಅನ್ನಿಸಿತು. ತಡೆಯಲಾರದೆ ಪಕ್ಕದ ಹೆಂಗಸಿನ ಕೈ ಹಿಡಿದು, ಸಮ ಇಲ್ಲಿ, ಒಂದಕ್ಕೆ ಬರುತ್ತದೆ ತಾಯಿ ಅಂತ ತೋರಿಸಿಯೇಬಿಟ್ಟೆ. ಆಕೆ ಡ್ರಮ್ ನುಡಿಸುವವನ ಅಮ್ಮನಂತೆ. ಪೋಲೆ ಪೋಲೆ ಮಾಮಾ, ಅಂದರೆ ನಿಧಾನ ಅಮ್ಮಾ, ಅಂತ ನಕ್ಕು, ನನ್ನ ಕೈಯಿಂದಲೇ ಎರಡಕ್ಕೆ ತಟ್ಟಿಸಿದಳು.

ಟ್ರಂಪೆಟ್ ಊದುವ ಲಾರೆನ್ಸ್ ನಡುನಡುವೆ ಕಥೆ ಹೇಳಿ, ಒಂದೊಂದು ಕಾಲದ್ದನ್ನೂ ನುಡಿಸಿ ತೋರಿಸಿದ. ಈ ನೆಲದಿಂದ, ಆಫ್ರಿಕಾದಿಂದ, ಗುಲಾಮರಾಗಿ ಹಡಗು ಹತ್ತಿದವರ ಮೊಮ್ಮಕ್ಕಳು ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಬೀದಿಯಲ್ಲಿ ಕಟ್ಟಿದ ಸಂಗೀತವಂತೆ. ಸ್ಮಶಾನಕ್ಕೆ ಹೋಗುವಾಗ ವಿಳಂಬದಲ್ಲಿ ಊದುವುದು, ಮಣ್ಣು ಮಾಡಿ ಬರುವಾಗ ಕುಣಿಸುವುದು. ಆಮೇಲೆ ದೊಡ್ಡ ಬ್ಯಾಂಡುಗಳು ಬಂದವು, ಊರೆಲ್ಲ ಜೋಡಿ ಕುಣಿಯಿತು. ಕುಣಿತಕ್ಕೇ ನುಡಿಸಿ ಬೇಸತ್ತವರು ಯಾರೂ ಕುಣಿಯಲಾಗದಷ್ಟು ದ್ರುತಗತಿ ಹಿಡಿದರು. ಅದೂ ಸಾಕೆನಿಸಿ, ಒಂದೇ ಸ್ವರಶ್ರೇಣಿಯಲ್ಲಿ ನೆಲೆನಿಂತು ವಿಸ್ತರಿಸತೊಡಗಿದರು.

ಈ ಕೊನೆಯ ಬಗೆಯನ್ನು ಶರ್ವಾಣಿ ಹಾಡಿದಳು. ನಾಲ್ಕು ಸ್ವರ ಕೇಳುತ್ತಲೇ ಮೈ ಜುಮ್ಮೆಂದಿತು. ನೀವೇ ಕಲಿಸಿದ ಖರಹರಪ್ರಿಯ ರಾಗದ ಸ್ವರಗಳು, ಗಮಕವೊಂದಿಲ್ಲ. ಸಾಹಿತ್ಯವಿಲ್ಲ, ಬರೀ ದಾ ಬಾ ದೂ. ನಡುವೆ ಡ್ರಮ್ಮಿನವನು ಎಡವಟ್ಟಾಗಿ ಒಂದು ಪೆಟ್ಟು ಹಾಕಿದ. ನಮ್ಮಲ್ಲಾದರೆ ದುರುಗುಟ್ಟಿ ನೋಡುತ್ತಿದ್ದೆವು. ಇವಳು ಆ ತಪ್ಪನ್ನೇ ಎತ್ತಿಕೊಂಡಳು, ಉಳಿದವರೂ ಹಿಂದೆಯೇ ಹೋದರು. ಕೊನೆಗೆ ನಿಮ್ಮ ಮೃದಂಗದ ಮುಕ್ತಾಯದ ತೀರ್ಮಾನದ ಹಾಗೆ ಅದನ್ನೇ ಮೂರು ಸಲ ಹಾಡಿ ಸಮಕ್ಕೆ ತಂದಿಟ್ಟಳು. ನನಗೆ ಕಣ್ಣು ತುಂಬಿತು. ಅಷ್ಟು ನೋವುಂಡ ಜನ ಇಷ್ಟು ಧಾರಾಳದ ಸಂಗೀತ ಕಟ್ಟಿದರಲ್ಲ ಎಂಬ ಬೆರಗು ಇನ್ನೂ ಇಳಿದಿಲ್ಲ.

ಮನೆಗೆ ಬರುವಾಗ ಮೈಸೂರಿನ ಮಾತು ತೆಗೆದೆ. ಅಪ್ಪನ ಜೊತೆ ಹಾಡಲು ರಜೆಗೆ ಬರುತ್ತೇನೆ, ತಂಡ ಬಿಟ್ಟು ಬರಲ್ಲ ಅಂತ ಯಥಾಪ್ರಕಾರ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಒತ್ತಾಯಿಸಲಿಲ್ಲ. ಹಾಡುವುದನ್ನು ಬಿಡಿಸಿದರೆ ಗಂಟಲು ಏನಾಗುತ್ತದೆಂದು ನನಗೆ ಗೊತ್ತಿದೆ. ನಮ್ಮ ಟಿಕೆಟ್ ಮಾಡಿಸಬೇಡಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಕಮಲಾಕ್ಷಿ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಧೈರ್ಯ ಬೇಕಿತ್ತು. ಕೊನೆಯ ಹಾಡಿಗೆ ಅವಳು ನನ್ನನ್ನು ವೇದಿಕೆಗೆ ಕರೆದಳು. ಒಂದು ಮನೆಗೆ ಒಬ್ಬ ಕಲಾವಿದ ಸಾಕು ಅಂತ ಮದುವೆಯಾದ ಹೊಸತರಲ್ಲಿ ಹೇಳಿದ್ದಿರಲ್ಲ, ಅಂದಿನಿಂದ ಮುಚ್ಚಿದ ಬಾಯಿ. ಮೊದಲ ಸ್ವರ ಒಡೆಯಿತು. ತಂಡದ ಮಕ್ಕಳು ಆ ಒಡಕು ಸ್ವರವನ್ನೇ ಎತ್ತಿಕೊಂಡು ನುಡಿಸಿದರು, ನಾನು ಹಾಡಿದೆ. ಮುಂದಿನ ಶನಿವಾರವೂ ಹಾಡುತ್ತಿದ್ದೇನೆ. ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.