‘ಕೈ ಹಿಡಿದರು’ ಎಂಬ ಮಾತು

ಬೆಳಕವಾಡಿ
13 ನವೆಂಬರ್ 1946, ಬುಧವಾರ

ಸುರಯ್ಯಾ, ನನ್ನ ಮಗಳೆ,

ಈಗ ಸಂಜೆ ನಾಲ್ಕು ಗಂಟೆ. ಬೆಳಗ್ಗೆ ರಾಗಿ ಬೀಸಿದೆ, ಹಸುವಿಗೆ ಹುಲ್ಲು ತಂದೆ, ನಿನ್ನ ಕಾಗದ ಓದಿದೆ. ಮಧ್ಯಾಹ್ನ ಅವನು ಬಂದಿದ್ದ.

ಮಂಡ್ಯದ ನಿಮ್ಮ ಕಾಲೇಜಿನ ಲೈಬ್ರರಿ ಮೇಷ್ಟ್ರು. ನಮ್ಮ ಭಾವ ಜವರಯ್ಯನವರೇ ಕರೆದುಕೊಂಡು ಬಂದರು. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದ. ನಾನು ಹೆತ್ತ ಇಂದ್ರ ಹೋಗಿ ಎಂಟು ತಿಂಗಳಾಯಿತು. ಒಂದು ದಿನವೂ ಈ ಕಡೆ ತಲೆ ಹಾಕದವನು, ಅವಳ ಪುಸ್ತಕ, ಕಾಗದ ಏನಿದ್ದರೂ ಕೊಡಿ, ಕಾಲೇಜಿಗೆ ಬೇಕು ಎಂದ. ನಾನು ಮಜ್ಜಿಗೆ ಲೋಟ ಎತ್ತಿಕೊಂಡು ಒಳಗೆ ಹೊರಟೆ. ಭಾವ ರೇಗಿದರು. “ಸತ್ತೋಳ ಪುಸ್ತಕ ಮಡಿಕಂಡು ನೀನೇನು ಬಿ.ಎ. ಪಾಸು ಮಾಡೀಯಾ? ಕೊಟ್ಬುಡು ಕಣಮ್ಮ ಅತ್ಲಾಗೆ.”

ಪುಸ್ತಕ ಕೊಟ್ಟೆ. ಕಾಗದ ಯಾವುದೂ ಇಲ್ಲ ಎಂದೆ. ಅವಳ ಕಾಗದ ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ಇತ್ತು.

“ಮದ್ದೂರಿನ ಸಾಬರ ಹುಡುಗಿ ನಿಮಗೆ ಬರೀತಾಳಂತಲ್ಲ?” ಎಂದು ನಗುತ್ತ ಕೇಳಿದ. ಬರೆದರೂ ನಾಲ್ಕನೇ ಕ್ಲಾಸು ಓದಿದ ನನಗೆ ಎಷ್ಟು ತಿಳಿದೀತು ಎಂದೆ. ಭಾವ ನಕ್ಕರು. ಅವನು ನಗುವುದನ್ನು ನಿಲ್ಲಿಸಿದ್ದ. ನಾಳೆ ಹನ್ನೊಂದಕ್ಕೆ ಪ್ರಿನ್ಸಿಪಾಲರು ದೂರು ಕೇಳಲು ನಿನ್ನನ್ನು ಕರೆದಿರುವುದು ಅವನಿಗೆ ಗೊತ್ತಿದೆ, ಮಗಳೆ.

ಅವರಿಗೆ ಕೊಡಲೆಂದು ಬರೆದು ನನಗೆ ನೋಡಲು ಕಳಿಸಿದ ಅರ್ಜಿಯನ್ನು ಮೂರು ಸಲ ಓದಿದೆ. ನಡೆದದ್ದನ್ನೆಲ್ಲ ನನಗೆ ಬರೆದಿದ್ದೀಯ, ಅರ್ಜಿಯಲ್ಲಿ ಮಾತ್ರ ‘ಲೈಬ್ರರಿಯಲ್ಲಿ ಮೇಷ್ಟ್ರು ನನ್ನ ಕೈ ಹಿಡಿದರು’ ಎಂದು ಅಷ್ಟಕ್ಕೇ ನಿಲ್ಲಿಸಿದ್ದೀಯ. ಆ ಮಾತು ಬೇಡ. ನಮ್ಮಲ್ಲಿ ಗಂಡನೂ ಕೈ ಹಿಡಿಯುತ್ತಾನೆ, ಕಷ್ಟಕ್ಕೆ ಆದವರೂ ಕೈ ಹಿಡಿಯುತ್ತಾರೆ. ಓದಿದವರು ತಮಗೆ ಬೇಕಾದ ಅರ್ಥ ಹಚ್ಚಿಕೊಳ್ಳುತ್ತಾರೆ.

ನಾನು ಹಚ್ಚಿಕೊಂಡ ಹಾಗೆ. ಸಂಕ್ರಾಂತಿ ಕಳೆದ ಮೇಲೆ ಇಂದ್ರ ಬರೆದಿದ್ದಳು: ‘ಅವ್ವ, ಲೈಬ್ರರಿ ಮೇಷ್ಟ್ರು ನನ್ನ ಕೈ ಹಿಡಿದರು. ಊರಿಗೆ ಬಂದುಬಿಡಲಾ?’ ಓದಲು ಪುಸ್ತಕವೇ ಸಿಗುತ್ತಿಲ್ಲ ಎಂದು ಹಿಂದಿನ ಕಾಗದದಲ್ಲಿ ಅತ್ತಿದ್ದಳು. ಯಾರೋ ಪುಣ್ಯಾತ್ಮ ನನ್ನ ಮಗಳ ಕೈ ಹಿಡಿದ, ಇವಳು ಸಂಕೋಚಪಡುತ್ತಿದ್ದಾಳೆ ಎಂದುಕೊಂಡೆ. ಮನೆದೇವರಿಗೆ ತುಪ್ಪದ ದೀಪ ಹಚ್ಚಿದೆ. ಮಾರ್ಚಿಯಲ್ಲಿ ಅವಳು ನಾಲೆಯಲ್ಲಿ ಸಿಕ್ಕಳು. ಕಾಲು ಜಾರಿತು ಎಂದು ಊರಿಗೆ ಹೇಳಿದೆವು. ಅವಳ ಜೊತೆ ಒಂದೇ ಕೋಣೆಯಲ್ಲಿದ್ದ ನೀನು ನನಗೆ ಬರೆಯುವ ತನಕ ನಾನೂ ಅದನ್ನೇ ನಂಬಿಕೊಂಡಿದ್ದೆ.

ಆದ್ದರಿಂದ ಬಿಡಿಸಿ ಬರೆ. ತಾರೀಖು ಹಾಕು, ಗಂಟೆ ಹಾಕು. ಪುಸ್ತಕ ವಾಪಸು ಕೊಡಲು ಹೋದೆ, ಅವನು ಚಿಲಕ ಹಾಕಿದ, ಬಿಡಿ ಎಂದೆ, ಬಾಯಿ ಅದುಮಿದ. ಆಮೇಲಿನದನ್ನು ನನಗೆ ಬರೆದ ಹಾಗೆಯೇ, ಅದೇ ಮಾತಿನಲ್ಲಿ ಬರೆ. ಮೇಷ್ಟ್ರು ಎನ್ನಬೇಡ, ಚಲುವರಾಜು ಎಂದು ಹೆಸರು ಹಾಕು. ‘ಮಾಡಿದರು’ ಎಂಬ ಮರ್ಯಾದೆಯೂ ಬೇಡ. ‘ಮಾಡಿದ’ ಸಾಕು.

ನಾನೇ ಒಳಗೆ ಹೋದೆನಲ್ಲ ಅಮ್ಮಾ, ತಪ್ಪು ನನ್ನದೂ ಇರಬಹುದೇ ಎಂದು ಕೇಳಿದ್ದೀಯ. ಹತ್ತೊಂಬತ್ತು ವರ್ಷದ ಹುಡುಗಿ ಲೈಬ್ರರಿಗೆ ಹೋಗುವುದು ತಪ್ಪೇ? ಚಿಲಕ ಹಾಕಿದ್ದು ನೀನಲ್ಲ. ಮೂರು ವಾರ ಬಾಯಿ ಬಿಡದೆ ಇದ್ದೆ ಎಂದರೆ ಒಪ್ಪಿದೆ ಎಂದಲ್ಲ, ಹೆದರಿದ್ದೆ ಎಂದು. ಹರಿದ ದುಪಟ್ಟಾವನ್ನು ಒಗೆಯದೆ ಇಟ್ಟಿದ್ದೀಯಲ್ಲ, ಅದನ್ನು ತಾ. ಅರ್ಜಿ ಎರಡು ಪ್ರತಿ ಮಾಡು. ಒಂದನ್ನು ಪ್ರಿನ್ಸಿಪಾಲರಿಗೆ ಕೊಟ್ಟು ಇನ್ನೊಂದರ ಮೇಲೆ ಕಾಲೇಜಿನ ಮುದ್ರೆ ಒತ್ತಿಸಿಕೊಳ್ಳೋಣ. ಒತ್ತುವುದಿಲ್ಲ ಎಂದರೆ ಅಲ್ಲಿಂದ ನೇರ ಪೊಲೀಸ್ ಸ್ಟೇಷನ್ನಿಗೆ.

ನಿನ್ನ ತಂದೆ ಖಾಸಿಂ ಸಾಹೇಬರು ಮನೆಯ ಮರ್ಯಾದೆಗೆ ಹೆದರಿ ಬರುವುದಿಲ್ಲ ಎನ್ನುತ್ತಿದ್ದಾರೆ ಎಂದು ಬರೆದಿದ್ದೀಯ. ಈ ಕಾಗದವನ್ನು ಅವರಿಗೆ ಓದಿ ಹೇಳು. ನಾನು ಮರ್ಯಾದೆ ಉಳಿಸಿಕೊಂಡವಳು. ಈಗ ಒಬ್ಬಳಿಗೇ ಮುದ್ದೆ ಕಟ್ಟುತ್ತೇನೆ.

ಅಂಚೆ ಪೆಟ್ಟಿಗೆ ಇರುವುದು ಭಾವನ ಅಂಗಡಿಯಲ್ಲಿ. ಅದಕ್ಕೇ ಇದನ್ನು ಐದೂವರೆಯ ಬಸ್ಸಿನ ಡ್ರೈವರ್ ನಜೀರ್ ಅಹ್ಮದ್ ಕೈಗೆ ಕೊಡುತ್ತೇನೆ. ನಿನ್ನ ಕಾಗದ ತಂದುಕೊಟ್ಟಾಗಲೇ ಕೇಳಿದ್ದೆ. “ಇದ್ದಿಲಲ್ಲಿ ಓಡೋ ಬಸ್ಸು ಕಣವ್ವ, ದಿಣ್ಣೆ ಬಂದ್ರೆ ನಾನೇ ಇಳ್ದು ತಳ್ಬೇಕು. ಆದ್ರೂ ಇವತ್ತೇ ಖಾಸಿಂ ಭಾಯಿ ಕೈಗೆ ಮುಟ್ಟುಸ್ತೀನಿ” ಎಂದಿದ್ದಾನೆ.

ಕಾಲೇಜಿನ ಗೇಟಿನ ಹತ್ತಿರ ಹತ್ತೂವರೆಗೆ ನಿಂತಿರುತ್ತೇನೆ. ನಾನು ಬರುವ ತನಕ ಒಳಗೆ ಹೋಗಬೇಡ.

ಇಂದ್ರನ ಅವ್ವ,
ಪುಟ್ಟಮಾದಮ್ಮ

ಮತ್ತೆ: ಒಂದು ವಿಷಯ ಮೇಲೆ ಬರೆಯಲಿಲ್ಲ, ಕೈ ಬರಲಿಲ್ಲ. ಇಂದ್ರನ ಕಾಗದಕ್ಕೆ ನಾನು ಉತ್ತರ ಹಾಕಿದ್ದೆ. ‘ಕೈ ಹಿಡಿದವರನ್ನು ಬಿಡಬೇಡ. ಮೇಷ್ಟ್ರು ಹೇಳಿದ ಹಾಗೆ ಕೇಳು. ಊರಿಗೆ ಬರಬೇಡ.’ ಅದು ಅವಳ ಪೆಟ್ಟಿಗೆಯಲ್ಲಿ ನಾಲ್ಕು ಮಡಿಕೆಯಾಗಿ ಸಿಕ್ಕಿತು. ಎರಡೂ ಕಾಗದವನ್ನು ಸೆರಗಿಗೆ ಗಂಟು ಹಾಕಿಕೊಂಡು ತರುತ್ತೇನೆ. ನನ್ನದನ್ನು ಅವರ ಮುಂದೆ ನಾನೇ ಓದುತ್ತೇನೆ. ಅವನು ಊರು ಬಿಟ್ಟಿಲ್ಲ, ಭಾವನ ಮನೆಯಲ್ಲೇ ಉಳಿದಿದ್ದಾನೆ. ನಾಳೆ ಬೆಳಗ್ಗೆ ಮಂಡ್ಯಕ್ಕೆ, ಅವನಿಗೂ ನನಗೂ, ಇರುವುದು ಏಳು ಗಂಟೆಯ ಬಸ್ಸು ಒಂದೇ.