ಸಿಸ್ಟರ್ ಬಂದ ಮೇಲೆ ಹೆಚ್ಚಾದ ಕಾಯಿಲೆ

ಕೆಂಪಾಪುರ, ಮಾಗಡಿ ತಾಲ್ಲೂಕು
ಆಗಸ್ಟ್ 6, 2025

ನನ್ನವರಿಗೆ,

ನಿಮ್ಮ ಸೊಂಟ ಹೇಗಿದೆ? ಬೋರ್‌ವೆಲ್ ಲಾರಿಯಲ್ಲೇ ಮಲಗಬೇಡಿ ಎಂದರೆ ಕೇಳುವ ಗಂಡಸಲ್ಲ ನೀವು. ರಾಯಚೂರಿನ ಬಿಸಿಲಿಗೆ ಮಜ್ಜಿಗೆಯಾದರೂ ಕುಡಿಯಿರಿ. ಫೋನ್ ಮಾಡಿದರೆ ನಿಮ್ಮಮ್ಮ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾರೆ, ಅದಕ್ಕೇ ಈ ಕಾಗದ.

ಚೈತನ್ಯ ಸಿಸ್ಟರ್ ಮನೆಗೆ ಬರುವುದು ಈ ತಿಂಗಳಿಗೆ ಮುಗಿಯಿತಂತೆ. ಸಕ್ಕರೆಗೊಬ್ಬ ಡಾಕ್ಟರು, ಬಿಪಿಗೊಬ್ಬ, ಮಂಡಿಗೊಬ್ಬ ಎಂದು ಅತ್ತೆಯನ್ನು ಬಸ್ಸು ಹತ್ತಿಸಿ ಇಳಿಸಿ ಸಾಕಾಗಿತ್ತಲ್ಲ, ಆ ಮೂರು ಚೀಟಿಗಳನ್ನೂ ಒಟ್ಟಿಗೆ ಇಟ್ಟು ನೋಡಿದವಳು ಅವಳೊಬ್ಬಳೇ. ಅತ್ತೆ ಒಂದೇ ಬಿಪಿ ಮಾತ್ರೆಯನ್ನು ಎರಡು ಹೆಸರಿನಲ್ಲಿ ನುಂಗುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆ ಒಮ್ಮೆಯೂ ತಲೆಸುತ್ತಿ ಬಿದ್ದಿಲ್ಲ.

ಹೀಗೆ ಮನೆಗೇ ನರ್ಸ್ ಕಳಿಸಿದರೆ ಹಾಕಿದ ದುಡ್ಡಿಗೆ ತಕ್ಕ ಗುಣ ಸಿಗುತ್ತದೋ ಇಲ್ಲವೋ ಎಂದು ನೋಡುವ ಯೋಜನೆ ಇದು. ಹೋದ ವರ್ಷ ಮೊದಲ ದಿನ ಒಂದು ಪ್ರಶ್ನೆಪಟ್ಟಿ, ಈ ವರ್ಷ ಮತ್ತೆ ಅದೇ ಪಟ್ಟಿ. ನೋವಿದೆಯಾ, ನಡೆಯಲು ಕಷ್ಟವಾ, ಮನಸ್ಸಿಗೆ ಬೇಜಾರಾ. ಹೋದ ವರ್ಷದ ಹಾಳೆಯಲ್ಲಿ ಅತ್ತೆಗೆ ಏನೂ ತೊಂದರೆ ಇಲ್ಲ. ಈ ವರ್ಷ ಅತ್ತೆಯೇ ಸಿಸ್ಟರ್ ಕೈ ಹಿಡಿದುಕೊಂಡು, “ನಿನ್ತಾವ ಏನವ್ವಾ ಮುಚ್ಚಿಡ್ಲಿ, ಕೂತ್ರೆ ಏಳಕ್ಕಾಗಲ್ಲ, ಮಂಡಿ ಉರೀತದೆ” ಎಂದು ಎಲ್ಲ ಹೇಳಿಬಿಟ್ಟರು. ಈಗ ಹಾಳೆಯ ಪ್ರಕಾರ ಸಿಸ್ಟರ್ ಬಂದ ಮೇಲೆ ಕಾಯಿಲೆ ಹೆಚ್ಚಾಗಿದೆ. ಸುತ್ತಲ ಊರುಗಳಲ್ಲೂ ಎಷ್ಟೋ ಮನೆಗಳದ್ದು ಇದೇ ಕಥೆಯಂತೆ. ದುಡ್ಡು ದಂಡ, ನಿಲ್ಲಿಸಿ ಎಂದು ಯೋಜನೆಯ ಮೇಲಿನವರು ಹೇಳಿದ್ದಾರೆ.

ಅತ್ತೆಗೆ ಇನ್ನೂ ಹೇಳಿಲ್ಲ. ತಾನು ಬಾಯಿ ಬಿಟ್ಟಿದ್ದಕ್ಕೇ ಆ ಹುಡುಗಿಯ ಕೆಲಸ ಹೋಯಿತು ಎಂದುಕೊಂಡು ಊಟ ಬಿಟ್ಟಾರು. ಮೊನ್ನೆಯಷ್ಟೇ ಅವಳಿಗೆಂದು ಅವರೆಕಾಳು ಕಟ್ಟಿಟ್ಟರು. ನೋಡಿ ನನಗೆ ಅಳು ಬಂತು.

ಅತ್ತೆಯ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಪ್ರತಿಮಾ

ಇಷ್ಟು ಬರೆದೂ ಮುಖ್ಯವಾದದ್ದನ್ನು ಬಿಟ್ಟಿದ್ದೇನೆ. ಹೋದ ವರ್ಷ ಆ ಪಟ್ಟಿಗೆ ಉತ್ತರ ಕೊಟ್ಟವಳು ನಾನು. ಅತ್ತೆ ಬಾಯಿ ತೆರೆಯುವ ಮೊದಲೇ, “ಏನೂ ಇಲ್ಲ, ಚೆನ್ನಾಗವ್ರೆ” ಎಂದುಬಿಟ್ಟೆ. ಹೊರಗಿನವರ ಮುಂದೆ ನೋವು ಎಂದರೆ ಸೊಸೆ ನೋಡಿಕೊಳ್ಳುವುದಿಲ್ಲ ಎಂದಾಗುತ್ತದಲ್ಲ. ಉಳಿದ ಮನೆಗಳ ಸೊಸೆಯಂದಿರೂ ಅದನ್ನೇ ಮಾಡಿರಬೇಕು. ಮುಂದಿನ ಗುರುವಾರ ರಾಮನಗರದಲ್ಲಿ ಈ ಯೋಜನೆಯ ಕೊನೆಯ ಸಭೆ. ಹೋಗಿ, ಸುಳ್ಳು ಹೇಳಿದವಳು ನಾನು ಎಂದು ಎಲ್ಲರೆದುರು ಹೇಳುತ್ತೇನೆ. ಊರು ಆಡಿಕೊಳ್ಳುತ್ತದೆ. ನೀವು ಬೈಯುವುದಿದ್ದರೆ ಅಷ್ಟರೊಳಗೆ ಬೈದು ಮುಗಿಸಿ, ಆ ದಿನ ಮಾತ್ರ ನನ್ನ ಕಡೆ ಇರಿ.