ಪೂಜೆಗೆ ಮುಚ್ಚಿದ ಕಣ್ಣು

ಜಹೀರಾಬಾದ್, ೧೯೬೬

ಮನ್ಮಥಪ್ಪನವರೇ,

ಗಂಡನ ಹೆಸರು ಬರೆಯಬಾರದೆನ್ನುತ್ತಾರೆ. ತಾಂಡೂರಿನಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡವರಿಗೆ ಆ ಮರ್ಯಾದೆ ಏಕೆ? ಹೇಗೂ ಇದನ್ನು ಅಂಚೆಗೆ ಹಾಕುವುದಿಲ್ಲ.

ಹುಣ್ಣಾಗಿ ಬೆಳ್ಳಗಾದ ನನ್ನ ಬಲಗಣ್ಣಿಗೆ ಮುಂಬಯಿಯಲ್ಲಿ ಸತ್ತವರೊಬ್ಬರ ಕಣ್ಣಿನ ಮುಂದಿನ ತಿಳಿಪೊರೆ, ಕಾರ್ನಿಯಾ, ಕೂರಿಸಿ ಎಂಟು ವರ್ಷವಾಯಿತು. ಇಂದು ಡಾಕ್ಟರು ಪರೀಕ್ಷಿಸಿದರು. ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದೆ.

"ಪೊರೆ ಇನ್ನೂ ತಿಳಿನೀರಿನಂಗ ಅದರಿ, ಅಕ್ಕೋರ. ಯಾವಾಗರ ಮಸುಕು ಆಗತದೇನ್ರಿ?"

"ಪೂಜಾದಾಗ ಅಷ್ಟ ರಿ. ಆಗ ಈ ಕಣ್ಣು ಮುಚ್ಚತೀನಿ."

"ಯಾಕ್ರಿ?"

"ಹೆಣದ ಕಣ್ಣಿಲೆ ಲಿಂಗ ನೋಡಬಾರದಂತ ಒಬ್ಬ ಶಾಣ್ಯಾ ಹೇಳಿ ಹೋಗ್ಯಾನ್ರಿ."

ಡಾಕ್ಟರು ನಕ್ಕರು. ನಾನೂ ನಕ್ಕೆ.

ಸತ್ತವರ ಕಣ್ಣಿಗೆ ಹೇಸಿದ ನೀವು, ಬದುಕಿದ್ದವಳನ್ನು ಬಿಟ್ಟುಹೋಗಲು ಹೇಸಲಿಲ್ಲ. ನೀವು ಮೂರ್ಖರೆಂಬುದು ನನಗೆ ಅಂದೇ ಗೊತ್ತಿತ್ತು. ಆದರೂ ಎಂ.ಎ. ಓದಿದ ನಾನು, ದಿನವೂ ಕವಿತೆ ಓದಲು ತೆರೆದ ಕಣ್ಣನ್ನು, ಅಂಗೈಯಲ್ಲಿ ಇಷ್ಟಲಿಂಗ ಹಿಡಿದಾಗ ಮಾತ್ರ ಮುಚ್ಚಿದೆ. ಮಬ್ಬಾದ ಎಡಗಣ್ಣಿನಿಂದಲೇ ಎಂಟು ವರ್ಷ ನೋಡಿದೆ.

ಈ ಸಂಜೆ ಎರಡೂ ಕಣ್ಣು ತೆರೆದೆ. ಹುಡುಗಿಯಾಗಿದ್ದಾಗ ಕಂಡಂತೆಯೇ, ಲಿಂಗದ ಕಪ್ಪು ಮೈಮೇಲೆ ದೀಪದ ಚುಕ್ಕೆಯೊಂದು ನಿಂತಿತ್ತು. ದಿನವೂ ಅಲ್ಲೇ ಇದ್ದಿರಬೇಕು.